ಹದಿನೇಳನೇ ಬ್ಲಾಕಿನ ಇಪ್ಪತ್ತೆರಡು ಮನೆ

ಮಾರ್ಚ್ ೩, ಸೋಮವಾರ

ಇವತ್ತು ಒಬ್ಬಳು ಸಿಕ್ಕಿಬಿದ್ದಳು.

ಊಟದ ಸಮೀಕ್ಷೆಯ ಮೊದಲ ಸುತ್ತಿನ ಫಾರಂಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಮುಗಿದಿತ್ತು. ಮೂರು ವರ್ಷ ತಲೆ ಕೆಡಿಸಿಕೊಂಡು ನಾನು ತಯಾರಿಸಿದ ತಪಾಸಣೆಯ ಪ್ರೋಗ್ರಾಮನ್ನು ಬೆಳಿಗ್ಗೆ ಓಡಿಸಿದೆ. ತತ್ವ ಸರಳ. ಒಬ್ಬರೇ ಗಣತಿದಾರರು ತಂದ ಮನೆಗಳ ಉತ್ತರ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಹೊಂದಿಕೊಂಡರೆ ಅಲ್ಲಿ ಕೆಂಪು ಬಣ್ಣ ಬರುತ್ತದೆ. ಮನುಷ್ಯರು ಅಷ್ಟೊಂದು ಒಂದೇ ಥರ ಬದುಕುವುದಿಲ್ಲ. ಒಬ್ಬರು ಹೊಟ್ಟೆ ತುಂಬ ಉಂಡಿರುತ್ತಾರೆ, ಪಕ್ಕದವರು ಟೀ ಕುಡಿದು ಮಲಗಿರುತ್ತಾರೆ. ಒಂದೇ ಥರ ಬದುಕುವವರು ಇರುವುದು ಎಲ್ಲೋ ನೆರಳಲ್ಲಿ ಕೂತು ಫಾರಂ ತುಂಬುವ ಗಣತಿದಾರರ ತಲೆಯಲ್ಲಿ ಮಾತ್ರ. ನಮ್ಮ ಆಫೀಸಿನಲ್ಲಿ ಅಂಥದ್ದಕ್ಕೆ ಮರದಡಿ ಫಾರಂ ಅಂತಲೇ ಹೆಸರು.

ಹದಿನೇಳನೇ ಬ್ಲಾಕು, ಬೀಗ ಬಿದ್ದ ಗಾಜಿನ ಕಾರ್ಖಾನೆಯ ಹಿಂದಿನ ಗಲ್ಲಿ. ಇಪ್ಪತ್ತೆರಡು ಮನೆ, ಇಪ್ಪತ್ತೆರಡೂ ಕೆಂಪು. ನಿನ್ನೆ ಎಷ್ಟು ಸಲ ಉಂಡಿರಿ? ಎರಡು. ಎಷ್ಟು ಗಂಟೆಗೆ? ಬೆಳಿಗ್ಗೆ ಹನ್ನೊಂದು, ಸಂಜೆ ಆರು. ಏನು ಉಂಡಿರಿ? ಅನ್ನ, ಬೇಳೆ. ಕಳೆದ ವಾರ ಮನೆಯಲ್ಲಿ ಯಾರಾದರೂ ಹಸಿದು ಮಲಗಿದ್ದುಂಟೆ? ಇಲ್ಲ, ಇಲ್ಲ, ಇಲ್ಲ. ಸುಳ್ಳು ಬರೆಯುವುದಕ್ಕಾದರೂ ಒಂದಿಷ್ಟು ಮೈ ಬಗ್ಗಿಸಬಾರದೆ! ಹನ್ನೊಂದನ್ನು ಅಲ್ಲಲ್ಲಿ ಹನ್ನೆರಡು ಮಾಡಿದ್ದರೂ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ತಂದವಳು ಛತ್ರಿಯಮ್ಮ. ಬಿಸಿಲಿರಲಿ, ಮೋಡವಿರಲಿ, ಕೈಯಲ್ಲಿ ಕಪ್ಪು ಛತ್ರಿ ಇಲ್ಲದೆ ಆಫೀಸಿಗೆ ಬಂದವಳಲ್ಲ. ಅವಳಂಥವಳು ಹೀಗೆ ಮಾಡುತ್ತಾಳೆ ಅಂದುಕೊಂಡಿರಲಿಲ್ಲ. ವರದಿ ಬರೆದು ನಿರ್ದೇಶಕರ ಟೇಬಲ್ಲಿಗೆ ಕಳಿಸಿದೆ.

ಮಾರ್ಚ್ ೫, ಬುಧವಾರ

ನಿರ್ದೇಶಕರು ಎರಡೇ ದಿನದಲ್ಲಿ ಆದೇಶ ಹೊರಡಿಸಿದರು. ಛತ್ರಿಯಮ್ಮನ ಗುತ್ತಿಗೆ ರದ್ದು. ನಾಲ್ಕು ಗಂಟೆಗೆ ಅವಳು ನನ್ನ ಕೋಣೆಗೆ ಬಂದಳು. ಕೂತುಕೋ ಅಂದರೂ ಕೂರಲಿಲ್ಲ.

“ಮೇಡಂ, ನಾನು ಒಂದೊಂದು ಮನೆಗೂ ಹೋಗಿದ್ದೀನಿ.”

“ಹೋಗಿದ್ರೆ ಎಲ್ಲರ ಉತ್ತರ ಅಚ್ಚು ಹಾಕಿದ ಹಾಗೆ ಹೇಗಾಯ್ತಮ್ಮ?”

“ಅವರು ಹೇಳಿದ್ದೇ ಹಾಗೆ. ನಾನು ಅದನ್ನ ಫಾರಂನಲ್ಲಿ…”

“ಫಾರಂ ನೋಡಿಯೇ ಹೇಳ್ತಾ ಇರೋದು,” ಅಂದೆ. ಅವಳನ್ನು ಮುಂದೆ ಮಾತಾಡಲು ಬಿಡಲಿಲ್ಲ. ಸಿಕ್ಕಿಬಿದ್ದವರು ಹೇಳುವ ಕಥೆಗಳನ್ನು ಈ ಇಪ್ಪತ್ತಾರು ವರ್ಷದಲ್ಲಿ ಬೇಕಾದಷ್ಟು ಕೇಳಿದ್ದೇನೆ.

ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು ಹೇಳಿದಳು. ಇನ್ನೆರಡು ತಿಂಗಳಿಗೆ ಅವಳಿಗೆ ಹತ್ತು ವರ್ಷ ತುಂಬುತ್ತಿತ್ತಂತೆ. ಮಧ್ಯೆ ಒಂದು ದಿನವೂ ಬಿಡದೆ ಹತ್ತು ವರ್ಷ ದುಡಿದ ಗುತ್ತಿಗೆಯವರನ್ನು ಖಾಯಂ ಮಾಡುತ್ತಾರೆ. ಒಂದು ದಿನ ತಪ್ಪಿದರೂ ಮತ್ತೆ ಮೊದಲ ದಿನದಿಂದ. ಅವಳಿಗೆ ಈಗ ನಲವತ್ತೈದು. ಪಾಪ ಅನ್ನಿಸಿತು. ಆದರೆ ಪಾಪ ಅನ್ನಿಸಿದವರನ್ನೆಲ್ಲ ಬಿಡುತ್ತಾ ಹೋದರೆ ದೇಶದ ಅಂಕಿಅಂಶ ಅನ್ನುವುದು ಅಜ್ಜಿ ಕಥೆಯಾಗುತ್ತದೆ.

ಮನೆಗೆ ಬಂದಾಗ ಇವರು ಅಡುಗೆ ಮುಗಿಸಿ ಕಾಯುತ್ತಿದ್ದರು. ಪ್ರೆಸ್ಸಿನ ಕೆಲಸದಿಂದ ನಿವೃತ್ತರಾದ ಮೇಲೆ ಒಲೆ ಇವರ ಪಾಲಿಗೆ ಬಂದಿದೆ. ಉಪ್ಪು ಜಾಸ್ತಿಯಾಗಿತ್ತು, ಹೇಳಿದೆ. “ನಿನ್ನ ತಪಾಸಣೆಯಿಂದ ಯಾರೂ ಪಾರಾಗೋ ಹಾಗಿಲ್ಲ,” ಅಂದರು. ನಕ್ಕು ಎರಡನೇ ಸಲ ಬಡಿಸಿಕೊಂಡೆ.

ಮಾರ್ಚ್ ೧೧, ಮಂಗಳವಾರ

ಮೀಟಿಂಗಿನಲ್ಲಿ ನಿರ್ದೇಶಕರು ಎಲ್ಲರೆದುರು ನನ್ನ ತಪಾಸಣೆಯನ್ನು ಹೊಗಳಿದರು. ಮುಂದಿನ ವರ್ಷ ಬೇರೆ ಸಮೀಕ್ಷೆಗಳಿಗೂ ಇದನ್ನೇ ಬಳಸುತ್ತಾರಂತೆ. ಒಳಗೊಳಗೇ ಉಬ್ಬಿಹೋದೆ, ಇಲ್ಲ ಅನ್ನಲಾರೆ.

ಮಾರ್ಚ್ ೧೭, ಸೋಮವಾರ

ಹೇಗೆ ಬರೆಯುವುದೋ ಗೊತ್ತಾಗುತ್ತಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ರದ್ದಾದ ಫಾರಂಗಳು ದಾಸ್ತಾನು ಕೋಣೆಗೆ ಹೋಗುವ ಮೊದಲು ಪ್ರತಿಯೊಂದರ ಹಿಂಬದಿಗೆ ನನ್ನ ಸಹಿ ಬೀಳಬೇಕು. ಹದಿನೇಳನೇ ಬ್ಲಾಕಿನ ಕಟ್ಟು ಬಿಚ್ಚಿ ಮೊದಲನೇ ಫಾರಂ ತಿರುಗಿಸಿದೆ. ಷರಾ ಅನ್ನುವ ಖಾಲಿ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: “ಈ ಗಲ್ಲಿಯ ಎಲ್ಲ ಮನೆಯವರೂ ಒಂದೇ ಕಡೆ ಅಡುಗೆ ಮಾಡಿ ಒಟ್ಟಿಗೆ ಉಣ್ಣುತ್ತಾರೆ. ಎಲ್ಲ ಸೇರಿ ಒಂದು ಮನೆ ಎಂದು ಬರೆಯಬೇಕೇ, ಬೇರೆ ಬೇರೆ ಎಂದೇ? ದಯವಿಟ್ಟು ತಿಳಿಸಿ.”

ಎರಡನೇದರಲ್ಲೂ ಅದೇ. ಮೂರನೇದರಲ್ಲೂ. ಇಪ್ಪತ್ತೆರಡು ಫಾರಂನಲ್ಲೂ ಬೇಸರವಿಲ್ಲದೆ ಅದೇ ಪ್ರಶ್ನೆ ಬರೆದಿದ್ದಾಳೆ. ಗಣತಿದಾರರ ಸಂದೇಹಕ್ಕೆ ಉತ್ತರ ಹೇಳಬೇಕಾದವಳು ನಾನು. ಷರಾ ಟೈಪು ಮಾಡುತ್ತಾ ಕೂತರೆ ಕೆಲಸ ನಿಧಾನವಾಗುತ್ತದೆ, ಹಿಂಬದಿ ಬಿಟ್ಟುಬಿಡಿ ಎಂದು ಸುತ್ತೋಲೆ ಬರೆದವಳೂ ನಾನೇ.

ಒಬ್ಬ ಹೆಂಗಸು ನನ್ನನ್ನು ಇಪ್ಪತ್ತೆರಡು ಸಲ ಕೇಳಿದ್ದಾಳೆ. ನಾನು ಅವಳನ್ನು ಸುಳ್ಳಿ ಅಂದೆ. ಫಾರಂ ಕಟ್ಟಿ ಹಾಗೇ ಡ್ರಾಯರಿನಲ್ಲಿಟ್ಟು ಬಂದೆ, ಸಹಿ ಹಾಕಲಿಲ್ಲ.

ಮಾರ್ಚ್ ೨೦, ಗುರುವಾರ

ಗಲ್ಲಿಗೆ ಹೋಗಿಬಂದೆ.

ಎರಡು ಸಾಲು ಮನೆ, ನಡುವೆ ಒಂದು ಗಾಡಿ ಹೋಗುವಷ್ಟು ಜಾಗ. ಕೊನೆಯಲ್ಲಿ ಕಾರ್ಖಾನೆಯ ಗೋಡೆ. ಗೋಡೆಗೆ ಒರಗಿಸಿ ತಗಡಿನ ಚಪ್ಪರ ಹಾಕಿ ಕಲ್ಲಿನ ಒಲೆ ಹೂಡಿದ್ದಾರೆ. ಅದರ ಮೇಲೆ ಎರಡು ದೊಡ್ಡ ಹಂಡೆ. ಹತ್ತೂವರೆಗೆ ಹೋದೆ. ಜನ ಆಗಲೇ ತಟ್ಟೆ ಹಿಡಿದು ನಿಂತಿದ್ದರು, ಗಲಾಟೆ ಅಂದರೆ ಗಲಾಟೆ. ಗಲ್ಲಿಗೆಲ್ಲ ಹಿರಿಯರಾದ ಒಬ್ಬ ಮುದುಕಿ ಸೌಟು ಹಿಡಿದಿದ್ದರು. ಅವರನ್ನು ಚಿಕ್ಕವರು ದೊಡ್ಡವರು ಎಲ್ಲರೂ ದೊಡ್ಡಮ್ಮ ಅಂತಲೇ ಕರೆಯುತ್ತಾರೆ.

“ಕಾರ್ಖಾನೆ ಮುಚ್ಚಿದ ಮೂರನೇ ವಾರಕ್ಕೆ ಶುರು ಮಾಡಿದ್ವಿ,” ಅಂದರು. “ಒಬ್ಬರ ಮನೇಲಿ ಅಕ್ಕಿ ಇದ್ರೆ ಸೌದೆ ಇಲ್ಲ. ಇನ್ನೊಬ್ಬರ ಮನೇಲಿ ಸೌದೆ ಇದ್ರೆ ಅಕ್ಕಿ ಇಲ್ಲ. ಅಕ್ಕಪಕ್ಕ ಕೂತು ಬೇರೆ ಬೇರೆ ಸಾಯೋದ್ಯಾಕೆ?”

“ಯಾರು ಎಷ್ಟು ಕೊಡಬೇಕು ಅಂತ ಇದೆಯಾ?”

ಅವರು ಮೂಲೆಯ ಡ್ರಮ್ಮು ತೋರಿಸಿದರು. ಬಾಯಿಗೆ ಬಟ್ಟೆ ಕಟ್ಟಿ ಮಧ್ಯೆ ಕೈ ಹೋಗುವಷ್ಟು ಸೀಳು ಬಿಟ್ಟಿದ್ದರು. ಇದ್ದವರು ತಂದದ್ದನ್ನು ಸೆರಗಿನಡಿ ಮುಚ್ಚಿಕೊಂಡು ಬಂದು ಒಳಗೆ ಸುರಿಯಬೇಕು. ಬರಿಗೈಯವರೂ ಬಂದು ಒಮ್ಮೆ ಕೈ ಹಾಕಿ ಹೋಗಬೇಕು. ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ, ಯಾರೂ ನೋಡುವ ಹಾಗಿಲ್ಲ. ಅದೊಂದೇ ಅಲ್ಲಿಯ ಕಟ್ಟುನಿಟ್ಟು. “ನೋಡೋಕೆ ಶುರು ಮಾಡಿದ ದಿನ ಇದು ಮುಗೀತು,” ಅಂದರು ದೊಡ್ಡಮ್ಮ.

ನನಗೆ ಎಷ್ಟು ಸಮಾಧಾನವಾಯಿತೆಂದರೆ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಬಿಡಿಸಲಾಗದ ಲೆಕ್ಕ ಬಿಡಿಸಿದ ಖುಷಿ. “ನಮ್ಮ ಪುಸ್ತಕದಲ್ಲಿ ಒಂದೇ ಒಲೇಲಿ ಉಣ್ಣೋರೆಲ್ಲ ಒಂದೇ ಮನೆ ಅಂತ ಬರೆದಿದೆ. ಹಾಗೆ ನೋಡಿದ್ರೆ ನೀವು ಇಪ್ಪತ್ತೆರಡು ಮನೆಯಲ್ಲ, ತೊಂಬತ್ನಾಲ್ಕು ಜನರ ಒಂದೇ ಮನೆ!” ಅಂದೆ. ಒಂದಿಬ್ಬರು ನಕ್ಕರು. ಕಾರ್ಖಾನೆಯಲ್ಲಿ ಊದುಗೊಳವೆ ಹಿಡಿಯುತ್ತಿದ್ದನಂತೆ ಒಬ್ಬ, ಅವನು ಮಾತ್ರ ನಗಲಿಲ್ಲ. “ಹಾಗಾದ್ರೆ ರೇಷನ್ ಕಾರ್ಡೂ ಒಂದೇನಾ ಮೇಡಂ?” ಅಂದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲಪ್ಪ ಅಂದೆ.

ನನಗೂ ಒಂದು ತಟ್ಟೆ ಕೊಟ್ಟರು. ಉಣ್ಣಲಿಲ್ಲ. ಸಮೀಕ್ಷೆಗೆ ಹೋದವರು ಆ ಮನೆಯಲ್ಲಿ ಏನೂ ಮುಟ್ಟಬಾರದು ಅನ್ನುವುದು ನಿಯಮ.

ಮಾರ್ಚ್ ೨೪, ಸೋಮವಾರ

ಛತ್ರಿಯಮ್ಮನ ಮನೆ ಹುಡುಕಿಕೊಂಡು ಹೋದೆ. ಮಹಡಿ ಮೇಲೆ ಒಂದೇ ಕೋಣೆ, ಹಾಸಿಗೆ ಹಿಡಿದ ಮಾವ. ಗಂಡ ಬೇರೆಯವಳ ಜೊತೆ ಹೋಗಿ ಹನ್ನೊಂದು ವರ್ಷವಾಗಿದೆಯಂತೆ, ಅಪ್ಪನನ್ನು ಇವಳ ತಲೆಗೆ ಕಟ್ಟಿ. ಮುದುಕನಿಗೆ ಗಂಜಿ ಕುಡಿಸುತ್ತಿದ್ದಳು. ನನ್ನನ್ನು ನೋಡಿ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು.

ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡು ಹೋಗಿದ್ದೆ. ಬಾಯಿಂದ ಬಂದದ್ದು ಮಾತ್ರ “ಕಾರ್ಯವಿಧಾನದಲ್ಲಿ ಒಂದು ಲೋಪ ಆಗಿದೆ” ಅಂತ. ಇಪ್ಪತ್ತಾರು ವರ್ಷ ಟಿಪ್ಪಣಿ ಬರೆದು ಬರೆದು ನಾಲಗೆಯೇ ಹಾಗಾಗಿದೆ.

“ಷರಾ ಓದಿದ್ರಾ ಮೇಡಂ?”

“ಓದಿದೆ.”

ಅವಳು ಬೈಯಲಿಲ್ಲ, ಅಳಲಿಲ್ಲ. ಮುದುಕನ ಗಲ್ಲ ಒರೆಸಿ, “ನನಗೆ ಮರ್ಯಾದೆ ಗಿರ್ಯಾದೆ ಏನೂ ಬೇಡ ಮೇಡಂ. ಆ ಆದೇಶ ವಾಪಸ್ ಆಗೋ ಹಾಗೆ ಮಾಡಿಸಿ. ವಾಪಸ್ ಆದ್ರೆ ಮಧ್ಯೆ ಕೆಲಸ ಬಿಟ್ಟ ಹಾಗೆ ಆಗಲ್ಲ. ಹತ್ತು ವರ್ಷ ಹತ್ತು ವರ್ಷವಾಗೇ ಉಳಿಯುತ್ತೆ,” ಅಂದಳು.

ಮಾಡಿಸುತ್ತೇನೆ ಅಂದೆ. ಮಾಡಿಸಲೇಬೇಕು.

ಮಾರ್ಚ್ ೨೮, ಶುಕ್ರವಾರ

ತಪ್ಪು ನನ್ನದು ಅಂತ ಬರಹದಲ್ಲಿ ಕೊಟ್ಟೆ. ಗಲ್ಲಿಯನ್ನು ಒಂದೇ ಮನೆ ಎಂದು ದಾಖಲಿಸಬಹುದು ಅಂತಲೂ ಬರೆದೆ. ನಿರ್ದೇಶಕರು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

“ನಮ್ಮ ಫಾರಂನಲ್ಲಿ ಒಂದು ಮನೆಗೆ ಮೂವತ್ತು ಜನಕ್ಕಿಂತ ಜಾಸ್ತಿ ಹಿಡಿಯಲ್ಲ. ಅದು ನಿಮಗೆ ಗೊತ್ತು. ಆಮೇಲೆ ಇಪ್ಪತ್ತೊಂದು ಮನೆ ಎಲ್ಲಿ ಹೋದವು ಅಂತ ಮೇಲಿನವರು ಕೇಳಿದ್ರೆ ಏನು ಹೇಳ್ತೀರಿ? ಒಲೆ ನುಂಗಿತು ಅಂತಲಾ?”

“ಹಾಗಾದ್ರೆ ಅವಳ ಫಾರಂಗಳನ್ನೇ ಒಪ್ಪಿಕೊಳ್ಳೋಣ ಸರ್.”

“ನಿಮ್ಮ ತಪಾಸಣೆ ಒಪ್ಪಲ್ವಲ್ಲ!”

ಬಹಳ ಹೊತ್ತಿನ ಮೇಲೆ ಒಂದು ದಾರಿ ಹೇಳಿದರು. ಗಲ್ಲಿಯ ಸಮೀಕ್ಷೆಯನ್ನು ಹೊಸದಾಗಿ ಮಾಡಿ. ಅವಳೇ ಮಾಡಲಿ, ಪಕ್ಕದಲ್ಲಿ ನೀವಿರಿ. ತಪಾಸಣೆ ದಾಟಿದರೆ ಆದೇಶ ವಾಪಸ್. ದಾಟದಿದ್ದರೆ ಇಬ್ಬರೂ ನನ್ನ ಕೋಣೆಗೆ ಬರಬೇಡಿ.

ದಾಟುವುದಾದರೂ ಹೇಗೆ? ತೊಂಬತ್ನಾಲ್ಕು ಜನ ಒಂದೇ ಹಂಡೆಯಲ್ಲಿ ಉಣ್ಣುವಾಗ ಉತ್ತರ ಬೇರೆ ಬೇರೆ ಎಲ್ಲಿಂದ ತರುವುದು? ಏಪ್ರಿಲ್ ಒಂಬತ್ತಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಇವರು ಎರಡು ಸಲ ಊಟಕ್ಕೆ ಕರೆದರು. ಆಫೀಸಿನಲ್ಲಿ ಆಯಿತು ಅಂದೆ. ಆಗಿರಲಿಲ್ಲ, ಯಾಕೆ ಹಾಗಂದೆನೋ.

ಏಪ್ರಿಲ್ ೯, ಬುಧವಾರ

ಚಪ್ಪರ ಇರಲಿಲ್ಲ.

ಗೋಡೆಯಲ್ಲಿ ಮಸಿ ಹಿಡಿದ ಜಾಗ ಮಾತ್ರ ಇತ್ತು. ಹಂಡೆ ಇಲ್ಲ, ಡ್ರಮ್ಮು ಇಲ್ಲ. ಗಲ್ಲಿಯುದ್ದಕ್ಕೂ ಪ್ರತಿ ಮನೆಯ ಬಾಗಿಲಲ್ಲೂ ಒಂದೊಂದು ಒಲೆ. ಮೂರು ಕಲ್ಲಿನದು, ತಗಡಿನದು, ಒಡೆದ ಬಕೆಟ್ಟಿಗೆ ಮಣ್ಣು ಮೆತ್ತಿದ್ದು. ಕೆಲವು ಉರಿಯುತ್ತಿದ್ದವು. ಕೆಲವಕ್ಕೆ ಬೂದಿಯೂ ಇರಲಿಲ್ಲ. ನಮ್ಮನ್ನು ಕಂಡು ಉರಿಯದ ಒಲೆಯ ಮುಂದಿದ್ದ ಹೆಂಗಸೊಬ್ಬಳು ಗಡಿಬಿಡಿಯಲ್ಲಿ ಅದರ ಮೇಲೆ ಒಂದು ಪಾತ್ರೆ ಇಟ್ಟಳು.

ನನಗೆ ಅರ್ಥವಾಗಲು ಹೊತ್ತು ಬೇಕಾಯಿತು. ಛತ್ರಿಯಮ್ಮನಿಗೆ ತಕ್ಷಣ ಗೊತ್ತಾಯಿತು. ಊದುಗೊಳವೆಯವನ ಹತ್ತಿರ ಹೋಗಿ, “ಏನಣ್ಣ ಇದು?” ಅಂದಳು.

ಅವನು ನನ್ನ ಕಡೆ ನೋಡಿಯೇ ಹೇಳಿದ. “ಒಂದೇ ಒಲೆ ಆದ್ರೆ ಒಂದೇ ಮನೆ ಅಂತ ಅಮ್ಮಾವ್ರೇ ಹೇಳಿದ್ರಲ್ಲ. ಒಂದೇ ಮನೆಗೆ ಒಂದೇ ಕಾರ್ಡು. ನಾವೇನು ಅಷ್ಟೂ ತಿಳೀದೋರಾ? ನೋಡಿ, ಇಪ್ಪತ್ತೆರಡು ಒಲೆ ಇದೆ. ಎಣಿಸ್ಕೊಳ್ಳಿ.”

ಕಾರ್ಡಿನ ಇಲಾಖೆಯೇ ಬೇರೆ, ನಮ್ಮ ಕಾಗದ ಅಲ್ಲಿಗೆ ಹೋಗುವುದೇ ಇಲ್ಲ ಅಂತ ಎಷ್ಟು ಹೇಳಿದೆ! ಎಲ್ಲರೂ ತಲೆಯಾಡಿಸಿದರು, ಒಬ್ಬರೂ ನಂಬಲಿಲ್ಲ. ನಾನಾದರೂ ನಂಬುತ್ತಿದ್ದೆನೆ? ಕಾಗದ ಹಿಡಿದು ಬಂದವಳು ಹೇಳಿದ ಮಾತು. ಅವರ ಬಾಯಿಗೆ ಮಣ್ಣು ಹಾಕಿದವಳು ನಾನು. ಯಾರೂ ಕೇಳದೆ, ಜಾಣತನ ತೋರಿಸಲು ಹೋಗಿ, ನಗುತ್ತಾ ನಗುತ್ತಾ ಹಾಕಿದೆ.

ಛತ್ರಿಯಮ್ಮ ಮನೆಮನೆಗೆ ಕೂತು ಬರೆದಳು, ನಾನು ಪಕ್ಕದಲ್ಲಿದ್ದೆ. ಕಾರ್ಖಾನೆಯ ಕಾವಲುಗಾರನ ಕೆಲಸ ಉಳಿಸಿಕೊಂಡವನ ಮನೆಯಲ್ಲಿ ಮೂರು ಹೊತ್ತು. ಅವನ ಹೆಂಡತಿ ಉತ್ತರ ಹೇಳುವಾಗ ದನಿ ತಗ್ಗಿಸಿದಳು, ಪಕ್ಕದ ಮನೆಗೆ ಕೇಳಬಾರದೆಂದು. ಪಕ್ಕದ ಮನೆಯಲ್ಲಿ ಒಂದು ಹೊತ್ತು. ಕೊನೆಯ ಮನೆ ದೊಡ್ಡಮ್ಮನದು. ಒಬ್ಬರೇ ಇರುವುದು.

“ನಿನ್ನೆ ಎಷ್ಟು ಸಲ ಊಟ ಮಾಡಿದ್ರಿ ದೊಡ್ಡಮ್ಮ?”

“ಬರ್ಕೋ ತಾಯಿ, ಎರಡು ಅಂತ.”

ಛತ್ರಿಯಮ್ಮ ಬರೆಯಲಿಲ್ಲ, ತಣ್ಣಗಿದ್ದ ಒಲೆಯ ಕಡೆ ನೋಡಿದಳು. ಮುದುಕಿ, “ಮೊನ್ನೆ ಒಂದ್ಸಲ ಆಗಿತ್ತು. ನಿನ್ನೆ ಯಾಕೋ ಒಲೆ ಹಚ್ಚೋಕೇ ಆಗ್ಲಿಲ್ಲ,” ಅಂದರು. ಸೊನ್ನೆ ಅಂತ ಬರೆದಳು.

ಏಪ್ರಿಲ್ ೧೦, ಗುರುವಾರ

ಹಸಿವಿಲ್ಲ. ರಜೆ ಹಾಕಿದೆ.

ಏಪ್ರಿಲ್ ೧೭, ಗುರುವಾರ

ಹದಿನೇಳನೇ ಬ್ಲಾಕನ್ನು ತಪಾಸಣೆಗೆ ಹಾಕಿದೆ. ಒಂದೂ ಕೆಂಪಾಗಲಿಲ್ಲ.

ಒಂಬತ್ತು ಮನೆಯಲ್ಲಿ ಕಳೆದ ವಾರ ಯಾರೋ ಒಬ್ಬರು ಹಸಿದು ಮಲಗಿದ್ದಾರೆ. ಐದು ಮನೆಯಲ್ಲಿ ಮೂರು ಹೊತ್ತು ಊಟ. ಒಟ್ಟು ಗಲ್ಲಿಯ ಸರಾಸರಿ ಮೊದಲು ಎರಡು ಇತ್ತು, ಈಗ ಒಂದು ಪಾಯಿಂಟ್ ಒಂಬತ್ತು. ಮೇಲಿನ ವರದಿಯಲ್ಲಿ ಅಂಕಿ ದುಂಡಗಾಗುವಾಗ ಅದೂ ಎರಡೇ ಆಗುತ್ತದೆ. ನಿರ್ದೇಶಕರು ಹಾಳೆ ಮೇಲೆ ಬೆರಳಾಡಿಸಿ, “ಈಗ ನೋಡಿ, ನಿಜವಾದ ಮಾಹಿತಿ ಅಂದ್ರೆ ಹೀಗಿರಬೇಕು,” ಅಂದರು. ಕೆಳಗೆ ನನ್ನ ಸಹಿ ಬೇಕಿತ್ತು: ಖುದ್ದು ಪರಿಶೀಲಿಸಿದೆ, ಸರಿಯಾಗಿದೆ.

ಪೆನ್ನು ಹಿಡಿದು ಕೂತೆ. ಆ ಒಲೆಗಳನ್ನು ಹೂಡಿಸಿದ್ದು ನಾನು ಅಂತ ಬರೆದರೆ ಫಾರಂ ಮತ್ತೆ ರದ್ದಾಗುತ್ತದೆ, ಅದರ ಜೊತೆ ಅವಳ ಹತ್ತು ವರ್ಷವೂ. ಬರೆಯದಿದ್ದರೂ ಇದರಲ್ಲಿರುವ ಒಂದೊಂದು ಅಂಕಿಯೂ ನಿಜವೇ. ಸಹಿ ಹಾಕಿದೆ. ಅಂದುಕೊಂಡಷ್ಟು ಕಷ್ಟವಾಗಲಿಲ್ಲ.

ಕೈಗಡಿಯಾರ ಮಣಿಕಟ್ಟಿನಿಂದ ಜಾರಿ ಅಂಗೈಗೆ ಬರುತ್ತಿದೆ. ಡಾಕ್ಟರ ಹತ್ತಿರ ಹೋಗು ಅಂತ ಇವರು ಗಂಟು ಬಿದ್ದಿದ್ದಾರೆ. ಬೇಸಿಗೆಗೆ ಹಾಗಾಗುತ್ತದೆ ಅಂದೆ.

ಏಪ್ರಿಲ್ ೨೨, ಮಂಗಳವಾರ

ಆದೇಶ ವಾಪಸ್ ಆಯಿತು. ನಾನೇ ಕೈಯಾರೆ ಛತ್ರಿಯಮ್ಮನಿಗೆ ಕಾಗದ ಕೊಟ್ಟೆ. ಮೇ ಹನ್ನೆರಡಕ್ಕೆ ಹತ್ತು ವರ್ಷ ತುಂಬುತ್ತದೆ. ಖಾಯಂ ಆಗುವ ಕಡತ ಜುಲೈ ಕೊನೆಗೆ ನಿರ್ದೇಶಕರ ಮುಂದೆ ಬರುತ್ತದೆ. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು. ಈ ಸಲ ಕೂತುಕೋ ಅಂದಾಗ ಕೂತಳು.

“ಮೇಡಂ, ನಿನ್ನೆ ದೊಡ್ಡಮ್ಮನ್ನ ನೋಡೋಕೆ ಹೋಗಿದ್ದೆ. ನೆಲದಿಂದ ಏಳೋಕೆ ಇಬ್ಬರು ಹಿಡ್ಕೋಬೇಕು ಈಗ. ಒಂದು ಮಾತು ಹೇಳಿ ಕಳಿಸಿದ್ದಾರೆ. ಒಟ್ಟಿಗೆ ಅಡುಗೆ ಮಾಡಿದ್ರೆ ಕಾರ್ಡಿಗೆ ಏನೂ ಆಗಲ್ಲ ಅಂತ ನೀವೊಂದು ಕಾಗದ ಬರೆದು ಮೊಹರು ಹಾಕಿ ಕೊಟ್ರೆ, ಅದನ್ನ ಗೋಡೆಗೆ ಅಂಟಿಸಿ ನಾಳೆಯಿಂದಲೇ ಮತ್ತೆ ಹಂಡೆ ಇಡ್ತಾರಂತೆ. ಎಲ್ಲರೂ ಒಪ್ಪಿದ್ದಾರೆ.”

ನಾನು ನಿಧಾನವಾಗಿ ಬಿಡಿಸಿ ಹೇಳಿದೆ. ಎರಡನೇ ಸುತ್ತು ಜುಲೈನಲ್ಲಿದೆ. ಆಗ ಇವೇ ಮನೆಗಳಿಗೆ ಮತ್ತೆ ಹೋಗಬೇಕು. ಆ ಹೊತ್ತಿಗೆ ಇವರು ಒಂದಾಗಿದ್ದರೆ ಇಪ್ಪತ್ತೆರಡು ಫಾರಂ ಮತ್ತೆ ಕೆಂಪಾಗುತ್ತವೆ. ನಿರ್ದೇಶಕರು ಮೊದಲಿನದನ್ನೂ ಕೆದಕುತ್ತಾರೆ. ಆಗ ನಿನ್ನ ಕಡತ ನನ್ನ ಕೈಯಲ್ಲಿ ಉಳಿಯುವುದಿಲ್ಲ. ಜುಲೈ ಸುತ್ತು ಮುಗಿಯಲಿ, ನಾನೇ ಬಂದು ಕಾಗದ ಅಂಟಿಸುತ್ತೇನೆ. ಮೂರು ತಿಂಗಳು ಅನ್ನುವುದು ಏನು ಮಹಾ, ಇಗೋ ಅನ್ನುವಷ್ಟರಲ್ಲಿ ಕಳೆಯುತ್ತದೆ. ಅಲ್ಲಿಯವರೆಗೆ ಹೀಗೇ ಬೇರೆ ಬೇರೆ ಇರಲು ಹೇಳು. ಎಲ್ಲರಿಗೂ ಒಳ್ಳೆಯದು ಅದೇ.

ಅವಳು ಆ ಆದೇಶವಿದ್ದ ಬ್ಯಾಗಿನ ಮೇಲೆ ಒಮ್ಮೆ ಕೈ ಇಟ್ಟು, “ಸರಿ ಮೇಡಂ, ಹೇಳ್ತೀನಿ,” ಅಂದಳು.